ಕೊಲೆಸ್ಟರಾಲಿಗೆ ಗುಗ್ಗುಳ: ಹೋಲಿಕೆ ತಾಕು ಏನು ಹೇಳುತ್ತದೆ?

ಹೋದ ಹಿಂಗಾರಿನಲ್ಲಿ ಹಿರಿಯ ರೈತರೊಬ್ಬರು ನಮ್ಮ ವಿಭಾಗಕ್ಕೆ ಬಂದಿದ್ದರು. ಕೈಯಲ್ಲೊಂದು ಪುಡಿಯ ಪೊಟ್ಟಣ. "ಸಾಹೇಬ್ರ, ಇದು ಗುಗ್ಗುಳದ ಪುಡಿ. ನಮ್ಮ ಮಸಾರಿ ಹೊಲದಾಗ ಎರಡ ಎಕರೆ ಈ ಗಿಡಾ ಹಚ್ಚಬೇಕಂತ ಮಾಡೀನಿ. ಕೊಲೆಸ್ಟರಾಲ್ ಇಳಸ್ತೈತಂತ, ರೇಟೂ ಭಾಳ ಐತಂತ" ಎಂದರು. ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಎದೆನೋವು ಬಂದಾಗ ಡಾಕ್ಟರು ಬರೆದುಕೊಟ್ಟಿದ್ದ ಗುಳಿಗೆಯನ್ನು ಮೂರು ತಿಂಗಳಿಂದ ಬಿಟ್ಟು, ಆ ಪುಡಿಯನ್ನೇ ತೆಗೆದುಕೊಳ್ಳುತ್ತಿದ್ದರು. "ಮೈ ಹಗುರಾಗೇತ್ರಿ" ಎಂದರು. ಬೆಳೆಯ ಪ್ರಶ್ನೆಗಿಂತ ಈ ಮಾತೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು.

ಗುಗ್ಗುಳ ಗಾಳಿಮಾತಿನ ಮದ್ದಲ್ಲ. ಇದು ರಾಜಸ್ಥಾನ, ಗುಜರಾತಿನ ಒಣಭೂಮಿಯಲ್ಲಿ ಬೆಳೆಯುವ ಮುಳ್ಳುಪೊದೆಯ ಅಂಟು. ಸುಶ್ರುತ ಸಂಹಿತೆಯಲ್ಲಿ ಮೇದೋರೋಗದ ಬಗೆಗಿದ್ದ ವಿವರಣೆಯನ್ನು ಆಧಾರವಾಗಿಟ್ಟುಕೊಂಡು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಜಿ.ವಿ. ಸತ್ಯವತಿಯವರು ಮೊಲಗಳ ಮೇಲೆ ಪ್ರಯೋಗ ನಡೆಸಿ, 1966ರಲ್ಲಿ ಪ್ರಬಂಧ ಮಂಡಿಸಿದರು. ಮೊಲಗಳಲ್ಲಿ ಕೊಲೆಸ್ಟರಾಲ್ ಇಳಿದದ್ದು ಕಂಡುಬಂದಿತು. ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇದರಿಂದ ಔಷಧವನ್ನೂ ತಯಾರಿಸಿತು.

ಇನ್ನು ಮನುಷ್ಯರ ಮೇಲಿನ ಪ್ರಯೋಗಗಳನ್ನು ನೋಡೋಣ. ಒಂದು ತಾಕಿಗೆ ಗೊಬ್ಬರ ಕೊಟ್ಟು, ಪಕ್ಕದ ತಾಕನ್ನು ಹಾಗೆಯೇ ಬಿಟ್ಟು ಹೋಲಿಸದಿದ್ದರೆ ಒಳ್ಳೆಯ ಮಳೆಯ ಕೀರ್ತಿಯೂ ಗೊಬ್ಬರಕ್ಕೇ ಸಲ್ಲುತ್ತದೆ ಎಂಬುದು ನಿಮಗೆ ಗೊತ್ತಿದೆ. ಔಷಧದಲ್ಲಿ ಈ ಹೋಲಿಕೆ ತಾಕಿನ ಕೆಲಸವನ್ನು ಮದ್ದಿಲ್ಲದ ಹುಸಿಗುಳಿಗೆ ಮಾಡುತ್ತದೆ. ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ತಿಳಿಯದು, ಕೊಡುವವರಿಗೂ ತಿಳಿಯದು.

ಭಾರತದಲ್ಲಿ 61 ಜನರ ಮೇಲೆ 24 ವಾರ ನಡೆದು 1994ರಲ್ಲಿ ಪ್ರಕಟವಾದ ಇಂಥ ಪ್ರಯೋಗದಲ್ಲಿ, ಗುಗ್ಗುಳ ಪಡೆದವರ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲ್ ಶೇಕಡ 12.5ರಷ್ಟು ಇಳಿಯಿತು. ಆದರೆ ಅಮೆರಿಕೆಯಲ್ಲಿ 103 ಜನರ ಮೇಲೆ 8 ವಾರ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಲ ತಿರುವುಮುರುವಾಯಿತು. ಹುಸಿಗುಳಿಗೆಯವರಲ್ಲಿ ಎಲ್.ಡಿ.ಎಲ್. ಶೇಕಡ 5ರಷ್ಟು ಇಳಿದರೆ, ಗುಗ್ಗುಳದವರಲ್ಲಿ ಶೇಕಡ 4ರಿಂದ 5ರಷ್ಟು ಏರಿತು. ಗುಗ್ಗುಳ ಪಡೆದ ಆರು ಜನರಿಗೆ ಮೈಮೇಲೆ ದದ್ದು ಎದ್ದವು. ಒಂದು ಕೇಂದ್ರದಲ್ಲಿ ಹುಲುಸಾಗಿ ಬಂದು ಇನ್ನೊಂದರಲ್ಲಿ ಸೋತ ತಳಿಯನ್ನು ನಾವು ನಿಮಗೆ ಶಿಫಾರಸು ಮಾಡುತ್ತೇವೆಯೇ? ಇದಕ್ಕೂ ಅದೇ ಮಾತು.

ಹಾಗಾದರೆ ಮೈ ಹಗುರಾದದ್ದು ಸುಳ್ಳೇ? ಸುಳ್ಳೆನ್ನಲಾರೆ. ಅಮೆರಿಕೆಯಲ್ಲಿ ದವಡೆಹಲ್ಲು ಕೀಳಿಸಿಕೊಂಡವರ ಮೇಲೆ ನಡೆದು 1978ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಹುಸಿಮದ್ದು ಪಡೆದ ಕೆಲವರಿಗೆ ನೋವು ಕಡಿಮೆಯಾಯಿತು. ಅಂಥವರಿಗೆ ನಾಲೋಕ್ಸೋನ್ ಎಂಬ ಔಷಧ ಕೊಟ್ಟಾಗ ನೋವು ಮತ್ತೆ ಹೆಚ್ಚಿತು. ಈ ಔಷಧವು ದೇಹ ತಾನೇ ತಯಾರಿಸುವ ನೋವುನಿವಾರಕಗಳನ್ನು ತಡೆಯುತ್ತದೆ. ಎಂದರೆ ವಾಸಿಯಾಗುತ್ತದೆಂಬ ನಿರೀಕ್ಷೆಯೇ ದೇಹದಲ್ಲಿ ಆ ನೋವುನಿವಾರಕಗಳನ್ನು ಹೊರಡಿಸಿತ್ತು ಎಂದು ಸಂಶೋಧಕರು ತಿಳಿದರು. ಹಲ್ಲುನೋವಾದರೆ ಅನುಭವಕ್ಕೆ ಬರುತ್ತದೆ. ಕೊಲೆಸ್ಟರಾಲ್ ಹಾಗಲ್ಲ. ಏರಿದರೂ ತಿಳಿಯದು, ಇಳಿದರೂ ತಿಳಿಯದು. ರಕ್ತಪರೀಕ್ಷೆಯೊಂದೇ ದಾರಿ.

ಗಿಡಮೂಲಿಕೆ, ಬೂಷ್ಟುಗಳನ್ನು ನಾನು ಹಳಿಯುತ್ತಿಲ್ಲ. 1987ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಲೋವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಗುಳಿಗೆಯ ಮೂಲವೇ ಒಂದು ಬೂಷ್ಟು. ಆದರೆ ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬಾರದು. ತಿನ್ನುವ ಪುಡಿಯನ್ನೂ ಮುಚ್ಚಿಡದೆ ಅವರಿಗೆ ತೋರಿಸಬೇಕು. ಬೆಳ್ಳುಳ್ಳಿ ಕ್ಯಾಪ್ಸೂಲು ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮೊದಲೂ ಹೇಳುವುದು ಒಳ್ಳೆಯದು, ಏಕೆಂದರೆ ಅದರಿಂದ ರಕ್ತಸ್ರಾವ ಹೆಚ್ಚಬಹುದು.

ಬೆಳೆಯ ವಿಷಯ. ಗುಗ್ಗುಳ ಬಲು ನಿಧಾನವಾಗಿ ಬೆಳೆಯುವ ಗಿಡ. ಒಣಬೇಸಾಯದಲ್ಲಿ ಅಂಟು ತೆಗೆಯಲು ಎಂಟು-ಹತ್ತು ವರ್ಷ ಕಾಯಬೇಕು. ಆಳವಾಗಿ ಕಚ್ಚು ಹಾಕಿದರೆ ಗಿಡ ಒಣಗಿಹೋಗುತ್ತದೆ. ಕಾಡಿನ ಗಿಡಗಳು ಹೀಗೆಯೇ ಕ್ಷೀಣಿಸಿ, ಇಂದು ಅಳಿವಿನಂಚಿನ ಪಟ್ಟಿ ಸೇರಿವೆ. ಆದ್ದರಿಂದ ಸಸಿ ಮಾರುವವರ ಲೆಕ್ಕವನ್ನೇ ನಂಬಿ ಎರಡು ಎಕರೆ ತೊಡಗಿಸುವುದನ್ನು ನಾನು ಒಪ್ಪಲಿಲ್ಲ. ಬೇಕಿದ್ದರೆ ಬದುವಿನಲ್ಲಿ ಹತ್ತು ಕಡ್ಡಿ ನೆಟ್ಟು ನೋಡಿ ಎಂದೆ.

ಕೊಲೆಸ್ಟರಾಲಿಗೆ ನಿಮ್ಮ ಹೊಲದಲ್ಲೇ ಇರುವುದನ್ನೂ ಅವರಿಗೆ ಹೇಳಿದೆ. ಕಡಲೆ, ಬಟಾಣಿ, ಮಸೂರ, ಅವರೆ ಜಾತಿಯ ಕಾಳುಗಳ ಮೇಲೆ ನಡೆದ 26 ಪ್ರಯೋಗಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಕಾಳು ತಿಂದವರಲ್ಲಿ ಎಲ್.ಡಿ.ಎಲ್. ಸುಮಾರು ಶೇಕಡ 5ರಷ್ಟು ಇಳಿದಿತ್ತು. ಇಸಬಗೋಲಿನ ಹೊಟ್ಟಿನಿಂದಲೂ ಶೇಕಡ 5ರಿಂದ 10ರಷ್ಟು ಇಳಿಯುತ್ತದೆ. ಕರುಳಿನಲ್ಲಿ ಅದು ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಇವು ಗುಳಿಗೆಯ ಜೊತೆಗೆ ನೆರವಾಗುತ್ತವೆ, ಗುಳಿಗೆಯ ಬದಲಿಗಲ್ಲ.

ಆ ಹಿರಿಯರು ಮರುವಾರ ರಕ್ತಪರೀಕ್ಷೆ ಮಾಡಿಸಿದರು. ಎಲ್.ಡಿ.ಎಲ್. ಏರಿತ್ತು. ಡಾಕ್ಟರು ಗುಳಿಗೆಯನ್ನು ಮತ್ತೆ ಪ್ರಾರಂಭಿಸಿದರು. ಮುಂಗಾರಿಗೆ ಆ ಎರಡು ಎಕರೆಯಲ್ಲಿ ಅಲಸಂದೆ ಬಿತ್ತುವೆನೆಂದು ಹೇಳಿ ಬೀಜ ಕೇಳಿದ್ದಾರೆ.