ಮನೆಯಲ್ಲಿ ಕಟ್ಟಿದ ವಿಮಾನ, ಕೈಕೊಡುವ ವಿಮೆ

ಅಪಘಾತ ವಿಮೆ ಮಾಡಿಸಿದವರಲ್ಲಿ ಪಾಲಿಸಿಯ ಷರತ್ತುಗಳನ್ನು ಓದಿದವರನ್ನು ನಾನು ಕಂಡಿದ್ದೇ ಕಡಿಮೆ. ಮಾಗಡಿ ತಾಲ್ಲೂಕಿನ ಕುದೂರು ಹೋಬಳಿಯಿಂದ ಸಲಹೆ ಕೇಳಲು ನನ್ನ ಹತ್ತಿರ ಬರುವವರು ಕಂತು ಕಟ್ಟಿದ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಪಾಲಿಸಿ ಪುಸ್ತಕ ಎಲ್ಲಿ ಎಂದರೆ, "ಏಜೆಂಟರ ಹತ್ರ ಇರಬೇಕು ಸಾರ್" ಎನ್ನುತ್ತಾರೆ. ಆ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಒಂದು ಷರತ್ತಿನ ಬಗ್ಗೆಯೇ ಈ ಲೇಖನ.

ಕಡಲ ತೀರಕ್ಕೆ ಪ್ರವಾಸ ಹೋಗಿದ್ದಾಗ ಪ್ಯಾರಾಮೋಟಾರ್ ಹತ್ತಿದ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಬಹಳ ತಡವಾಗಿ ನನ್ನಲ್ಲಿಗೆ ಬಂದಳು. ಯಾರೋ ತಮ್ಮ ಶೆಡ್ಡಿನಲ್ಲೇ ಪೈಪು ವೆಲ್ಡ್ ಮಾಡಿ ಕಟ್ಟಿದ ಚೌಕಟ್ಟು ಹಾರಾಟದ ನಡುವೆಯೇ ಬಿಟ್ಟುಕೊಂಡಿತ್ತು. ವಿಮಾ ಕಂಪನಿ ಒಂದು ಪುಟದ ಪತ್ರ ಬರೆದು ಹಣ ಕೊಡಲಾಗದು ಎಂದಿತ್ತು. ಕೋರ್ಟು ಆವರಣದ ದಲ್ಲಾಳಿಯೊಬ್ಬ ಬೈಕ್ ಅಪಘಾತದ ಕೇಸುಗಳಂತೆ ಇದನ್ನೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಿಸಿದ್ದ. ಆಕಾಶದಲ್ಲಿ ಹಾರುವ ಯಂತ್ರ ಮೋಟಾರು ವಾಹನ ಕಾಯ್ದೆಯ ವಾಹನವಲ್ಲ. ಅರ್ಜಿ ನಿಲ್ಲಲಿಲ್ಲ. ದಲ್ಲಾಳಿ ತನ್ನ ಕಮಿಷನ್ನು ಮೊದಲೇ ತೆಗೆದುಕೊಂಡಿದ್ದ. ಆಕೆಗೆ ಹೋದದ್ದು ಹಣ ಮಾತ್ರವಲ್ಲ, ಕಾನೂನು ಕೊಟ್ಟಿದ್ದ ಕಾಲವೂ ಹೋಯಿತು. ಇಂಥ ದಲ್ಲಾಳಿಗಳನ್ನು ಕಂಡಾಗ ನನಗೆ ಬರುವ ಸಿಟ್ಟನ್ನು ಮುಚ್ಚಿಟ್ಟುಕೊಂಡು ಬರೆಯಲಾರೆ.

ಇದೆಲ್ಲ ನಮ್ಮ ಊರಿಗೆ ಎಲ್ಲಿ ಬರುತ್ತದೆ ಎನ್ನಬೇಡಿ. 2020ರ ಅಕ್ಟೋಬರ್ 2ರಂದು ಕಾರವಾರದ ಟ್ಯಾಗೋರ್ ಕಡಲ ತೀರದಲ್ಲಿ ಪ್ಯಾರಾಮೋಟಾರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬರು ತೀರಿಕೊಂಡರು. ಬೆಂಗಳೂರಿನ ಜಕ್ಕೂರು ಲಘು ವಿಮಾನಗಳ ಹಳೆಯ ನೆಲೆ. ಬೆಂಗಳೂರಿನಲ್ಲೇ ಹುಟ್ಟಿದ ರಾಜ್ ಹಂಸ ಸಂಸ್ಥೆಯ ಎಕ್ಸ್-ಏರ್ ಕಿಟ್‌ಗಳನ್ನು ತರಿಸಿಕೊಂಡು ಹೊರದೇಶದ ಹವ್ಯಾಸಿಗಳು ಮನೆಯಲ್ಲೇ ಜೋಡಿಸಿ ಹಾರಿಸಿದ್ದಾರೆ. ಮುಂಬೈಯ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಪರವಾನಗಿ ಸಿಕ್ಕಿದ್ದು 2019ರಲ್ಲಿ. ಅಷ್ಟು ವರ್ಷ ಕಚೇರಿ ಸುತ್ತಿದ ಅವರ ಹಟ ದೊಡ್ಡದು. ಎಲ್ಲರೂ ಅಷ್ಟು ಸುತ್ತುವುದಿಲ್ಲ, ಕಾಗದವಿಲ್ಲದೆ ಹಾರಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿ.

ಮನೆಯಲ್ಲಿ ಕಟ್ಟಿದ್ದೆಲ್ಲ ಕೆಟ್ಟದ್ದೇನಲ್ಲ. ಆದರೆ ಅದು ಮುರಿಯುವ ರೀತಿ ಗೊತ್ತಿದ್ದರೆ ನಿಮ್ಮ ಕೇಸಿಗೆ ಬೇಕಾದ ಸಾಕ್ಷ್ಯ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಸಾಮಾನ್ಯ ಲಘು ವಿಮಾನದ ರೆಕ್ಕೆಯನ್ನು ತೂಕದ 3.8 ಪಟ್ಟು ಭಾರ ತಡೆಯುವಂತೆ ವಿನ್ಯಾಸ ಮಾಡಿ, ಅದರ ಮೇಲೆ ಒಂದೂವರೆ ಪಟ್ಟು ಭದ್ರತೆ ಇಡುತ್ತಾರೆ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ಸಾಕು, ರೆಕ್ಕೆಯ ಮೇಲಿನ ಭಾರ ಎರಡು ಪಟ್ಟಾಗುತ್ತದೆ. ಈ ಲೆಕ್ಕ ನಿಲ್ಲುವುದು ನಕ್ಷೆಯಲ್ಲಿ ಹೇಳಿದ ಲೋಹ, ಹೇಳಿದ ಬೋಲ್ಟು, ಹೇಳಿದ ಅಂಟನ್ನೇ ಹಾಕಿದಾಗ ಮಾತ್ರ. ವಿಮಾನದ ಬೋಲ್ಟಿನ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಬಂದರೆ, ಬೋಲ್ಟಿನ ತೂತಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ಹಾರಾಟದಿಂದ ಹಾರಾಟಕ್ಕೆ ಬೆಳೆದರೆ, ಬಿಸಿಲಿಗೆ ಬಟ್ಟೆ ಸತ್ವ ಕಳೆದುಕೊಂಡರೆ, ತೇವಕ್ಕೆ ಮರದ ಅಂಟು ಬಿಟ್ಟರೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಕಟ್ಟಿದವನ ಕೈ ಸರಿಯಿದ್ದೂ ವಿನ್ಯಾಸವೇ ಸೋಲುವುದುಂಟು. ಝೋಡಿಯಾಕ್ ಸಿಎಚ್-601 ಎಕ್ಸ್‌ಎಲ್ ಎಂಬ ಜನಪ್ರಿಯ ಕಿಟ್ ವಿಮಾನ ಹಾರಾಟದಲ್ಲೇ ಒಡೆದ ಆರು ಘಟನೆಗಳಲ್ಲಿ 10 ಜನ ಸತ್ತ ಮೇಲೆ, 2009ರ ಏಪ್ರಿಲ್‌ನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಆ ಮಾದರಿಯನ್ನು ನೆಲಕ್ಕಿಳಿಸಿ ಎಂದು ಒತ್ತಾಯಿಸಿತು. ರೆಕ್ಕೆಯ ಅಂಚಿನ ಚಲಿಸುವ ಪಟ್ಟಿಗಳು ಗಾಳಿಗೆ ಪಟಪಟನೆ ನಡುಗಿ ರೆಕ್ಕೆಯನ್ನೇ ಮುರಿಯುತ್ತವೆ ಎಂಬುದು ಮಂಡಳಿಯ ಮುಖ್ಯ ಅನುಮಾನವಾಗಿತ್ತು. ಅಲ್ಲಿ ಒಡೆದ ತುಂಡುಗಳನ್ನು ಯಾರೋ ಕೂಡಿಟ್ಟು ನೋಡಿದ್ದರಿಂದ ಇಷ್ಟಾದರೂ ಗೊತ್ತಾಯಿತು. ನಮ್ಮಲ್ಲಿ ತುಂಡುಗಳು ಗುಜರಿಗೆ ಹೋಗುತ್ತವೆ.

ಈಗ ಆ ಷರತ್ತಿಗೆ ಬರುತ್ತೇನೆ. ನಮ್ಮ ದೇಶದ ಬಹುತೇಕ ವೈಯಕ್ತಿಕ ಅಪಘಾತ ಪಾಲಿಸಿಗಳಲ್ಲಿ ಹೀಗಿರುತ್ತದೆ: ವಿಧಿವತ್ತಾಗಿ ಪರವಾನಗಿ ಪಡೆದ ಪ್ರಮಾಣಿತ ಮಾದರಿಯ ವಿಮಾನದಲ್ಲಿ ಪ್ರಯಾಣಿಕನಾಗಿ ಹೋಗುವುದನ್ನು ಬಿಟ್ಟು, ಬೇರೆ ಯಾವುದೇ ವಿಮಾನ ಅಥವಾ ಬಲೂನಿಗೆ ಹತ್ತುವಾಗ, ಇಳಿಯುವಾಗ, ಅದರಲ್ಲಿ ಹೋಗುವಾಗ ಆದ ಸಾವುನೋವಿಗೆ ಹಣವಿಲ್ಲ. ಇಂಡಿಗೋದಲ್ಲಿ ದೆಹಲಿಗೆ ಹೋದರೆ ರಕ್ಷಣೆ ಇದೆ. ಸ್ನೇಹಿತ ಕಟ್ಟಿದ ಎರಡು ಸೀಟಿನ ವಿಮಾನದಲ್ಲಿ ತೋಟದ ಮೇಲೆ ಒಂದು ಸುತ್ತು ಹೋದರೆ ಇಲ್ಲ. ನೀವೇ ನಡೆಸುತ್ತಿದ್ದರೆ, ವಿಮಾನ ಎಷ್ಟೇ ಪಕ್ಕಾ ಇದ್ದರೂ ಪ್ರಯಾಣಿಕರಲ್ಲವಾದ್ದರಿಂದ ಇಲ್ಲ. ನೆಲದ ಮೇಲೆ ನಿಂತಿದ್ದಾಗ ರೆಕ್ಕೆ ತಲೆ ಮೇಲೆ ಬಿದ್ದರೆ? ಆಗ ಈ ಷರತ್ತು ಅನ್ವಯಿಸಬಾರದು. ಕಂಪನಿ ಅದನ್ನೇ ತೋರಿಸಿ ತಿರಸ್ಕರಿಸಿದರೆ ಒಪ್ಪಿಕೊಳ್ಳಬೇಡಿ.

ಜೀವ ವಿಮೆಯ ಮಾತು ಬೇರೆ. ಸಾಮಾನ್ಯವಾಗಿ ಮೂಲ ಮೊತ್ತ ಬರುತ್ತದೆ, ಅಪಘಾತಕ್ಕೆಂದು ಸೇರಿಸಿದ ಹೆಚ್ಚುವರಿ ಮೊತ್ತ ನಿಲ್ಲುತ್ತದೆ. ಏಜೆಂಟ್ ಎರಡನ್ನೂ ಕಲಸಿ "ಏನೂ ಬರಲ್ಲ" ಎಂದು ಹೇಳಿ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಬ್ಯಾಂಕ್ ಪಾಸ್‌ಬುಕ್ ತೆಗೆದು ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾರಣದ ಸಾವಿಗೂ 2 ಲಕ್ಷ ರೂಪಾಯಿ. ಕೌಂಟರಿನಲ್ಲಿರುವವರು ತಾವಾಗಿ ಹೇಳಲಿ ಎಂದು ಕಾಯಬೇಡಿ, ಹೇಳುವುದಿಲ್ಲ.

ಷರತ್ತು ಇದೆ ಎಂದ ಮಾತ್ರಕ್ಕೆ ಕಂಪನಿ ಗೆದ್ದಂತೆಯೂ ಅಲ್ಲ. ಷರತ್ತನ್ನು ತೋರಿಸದೆ ಬರೀ ಸರ್ಟಿಫಿಕೇಟ್ ಕೊಟ್ಟಿದ್ದರೆ, ತಿಳಿಸದ ಷರತ್ತು ಗ್ರಾಹಕನನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ 2019ರ ಭಾರತ್ ವಾಚ್ ಕಂಪನಿ ಪ್ರಕರಣದಲ್ಲೂ 2022ರ ಟೆಕ್ಸ್‌ಕೋ ಪ್ರಕರಣದಲ್ಲೂ ಹೇಳಿದೆ. ಹಾಗಾಗಿ ಪಾಲಿಸಿ ಪುಸ್ತಕ ನಿಮ್ಮ ಕೈಗೆ ಬಂದಿಲ್ಲ ಎಂಬುದೇ ನಿಮ್ಮ ಬಲವಾಗಬಹುದು. ಇಲ್ಲೊಂದು ಎಚ್ಚರಿಕೆ ಬೇಕು: ಅಪಘಾತ ಆದ ಮೇಲೆ ಏಜೆಂಟ್ ಓಡಿಬಂದು "ಎಲ್ಲ ದಾಖಲೆ ಪಡೆದಿದ್ದೇನೆ" ಎಂಬ ಕಾಗದಕ್ಕೆ ಸಹಿ ಕೇಳುತ್ತಾನೆ. ಹಳೆಯ ತಾರೀಖು ಹಾಕಿದ ಯಾವ ಕಾಗದಕ್ಕೂ ಸಹಿ ಮಾಡಬೇಡಿ. ದುಃಖದ ಮನೆಯಲ್ಲಿ ಯಾರೂ ಓದುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಹತ್ತುವ ಮೊದಲು ಕೇಳಬೇಕಾದ್ದು ಹೆಚ್ಚಿಲ್ಲ. ನೋಂದಾಯಿತ ಭಾರತೀಯ ವಿಮಾನದ ಮೈಮೇಲೆ ವಿಟಿ ಎಂದು ಶುರುವಾಗುವ ಅಕ್ಷರಗಳಿರುತ್ತವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ಪಟ್ಟಿಯಲ್ಲಿ ಆ ಅಕ್ಷರ ಹುಡುಕಬಹುದು. ನೋಂದಣಿ ಇದ್ದರೆ ಹಾರಲು ಯೋಗ್ಯ ಎಂದು ಅರ್ಥವಲ್ಲ. ಹಾರಾಟ ಯೋಗ್ಯತೆಯ ಪತ್ರ ಬೇರೆ, ಅದರ ಅವಧಿ ಬೇರೆ. ಅದು ಪರೀಕ್ಷಾ ಹಾರಾಟದ ಪರವಾನಗಿ ಮಾತ್ರವಾಗಿದ್ದರೆ ನೀವು ಹತ್ತಲೇಬಾರದು. ಪ್ಯಾರಾಮೋಟಾರಿನಲ್ಲಿ ವಿಟಿ ಅಕ್ಷರ ಕಾಣದಿದ್ದರೆ, ಜಿಲ್ಲಾಡಳಿತ ಹಾಗೂ ವಿಮಾನಯಾನ ಇಲಾಖೆ ಕೊಟ್ಟ ಅನುಮತಿ ಪತ್ರವನ್ನೂ ಪ್ರಯಾಣಿಕರ ವಿಮೆಯ ಪ್ರತಿಯನ್ನೂ ಕೇಳಿ, ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ತೋರಿಸಲು ಒಪ್ಪದವನ ಯಂತ್ರ ಹತ್ತಬೇಡಿ. ಹಣವನ್ನು ಫೋನ್‌ಪೇಯಲ್ಲೇ ಕೊಡಿ, ನಗದಾಗಿ ಬೇಡ. ಆ ಒಂದು ಸಂದೇಶ ಮುಂದೆ ನಿಮ್ಮನ್ನು ಗ್ರಾಹಕ ಎಂದು ಸಾಬೀತು ಮಾಡುತ್ತದೆ. ಪುಕ್ಕಟೆ ಸವಾರಿ ಹೋದವನಿಗೆ ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

"ನನ್ನ ಜವಾಬ್ದಾರಿಯಲ್ಲಿ ಹಾರುತ್ತಿದ್ದೇನೆ" ಎಂಬ ಬಾಂಡಿಗೆ ಸಹಿ ಹಾಕಿದ್ದೀರಾ? ಅದನ್ನು ನೋಡಿ ಹೆದರಿ ಮನೆಯಲ್ಲಿ ಕೂರಬೇಡಿ. ಕೆಟ್ಟ ಬೋಲ್ಟು ಹಾಕಿದವನ ನಿರ್ಲಕ್ಷ್ಯವನ್ನು ಅದು ತಾನಾಗಿ ಅಳಿಸಿಹಾಕುವುದಿಲ್ಲ. ಕ್ರಿಮಿನಲ್ ಕೇಸನ್ನಂತೂ ಯಾವ ಬಾಂಡೂ ತಡೆಯಲಾರದು.

ಅನಾಹುತ ಆಗಿಯೇ ಹೋದರೆ, ಪೊಲೀಸರು ಮೊದಲು ಮಾಡುವುದು ಅಸ್ವಾಭಾವಿಕ ಮರಣ ಎಂದು ಬರೆದು ಮುಗಿಸುವುದು. ಅಲ್ಲಿಗೆ ಬಿಡಬೇಡಿ. ನಿರ್ಲಕ್ಷ್ಯದಿಂದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ದೂರು ಬರೆದುಕೊಡಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮಹಜರು ಬರೆಯುವಾಗ ಮನೆಯವರೊಬ್ಬರು ಅಲ್ಲಿರಲಿ. ಮುರಿದ ಪೈಪು, ಬೋಲ್ಟು, ಕಿತ್ತ ಬಟ್ಟೆ ಪ್ರತಿಯೊಂದೂ ಮುದ್ದೆಮಾಲು ಪಟ್ಟಿಗೆ ಸೇರಿ ಮೊಹರಾಗಿ ಪ್ರಯೋಗಾಲಯಕ್ಕೆ ಹೋಗಬೇಕು ಎಂದು ಅಲ್ಲೇ ಲಿಖಿತವಾಗಿ ಕೇಳಿ. ಮುರಿದ ತುದಿಗಳನ್ನು ಒರೆಸಬೇಡಿ, ಒಂದಕ್ಕೊಂದು ಹೊಂದಿಸಿ ನೋಡಬೇಡಿ. ನಿಧಾನವಾಗಿ ಬೆಳೆದ ಬಿರುಕಿಗೂ ಒಮ್ಮೆಗೇ ಮುರಿದದ್ದಕ್ಕೂ ವ್ಯತ್ಯಾಸ ಹೇಳುವ ಗುರುತು ಇರುವುದು ಆ ತುದಿಯಲ್ಲೇ. ಎರಡು ದಿನ ಕಳೆದು ಮಾಲೀಕನ ಕಡೆಯವರು ಲಾರಿ ತಂದು ಅವಶೇಷ ಒಯ್ದರೆ, ನಿಮ್ಮ ಕೇಸಿನ ಅರ್ಧ ಭಾಗವೂ ಆ ಲಾರಿಯಲ್ಲೇ ಹೋಗುತ್ತದೆ.

ದೆಹಲಿಯಿಂದ ತನಿಖಾಧಿಕಾರಿಗಳು ಬಂದು ಎಲ್ಲ ಪತ್ತೆ ಹಚ್ಚುತ್ತಾರೆ ಎಂಬ ನಂಬಿಕೆ ಬೇಡ. 2009ರ ಮಾರ್ಚ್ 6ರಂದು ಬಿಡದಿ ಬಳಿ ಎನ್‌ಎಎಲ್ ಸಂಸ್ಥೆಯ ಸರಸ್ ಪರೀಕ್ಷಾ ವಿಮಾನ ಬಿದ್ದು ವಾಯುಪಡೆಯ ಮೂವರು ಪ್ರಾಣ ಕಳೆದುಕೊಂಡದ್ದು ನಮ್ಮ ಕಡೆಯವರಿಗೆ ನೆನಪಿದೆ. ಅದು ಸರ್ಕಾರದ ವಿಮಾನ, ತನಿಖೆ ನಡೆಯಿತು. ಖಾಸಗಿಯವರ ಪುಟ್ಟ ಯಂತ್ರಕ್ಕೆ ಆ ಗಮನ ಸಿಗುವುದು ಕಷ್ಟ: 2017ರ ತನಿಖಾ ನಿಯಮಗಳು ಅಪಘಾತ ತನಿಖಾ ಬ್ಯೂರೋದ ಕಡ್ಡಾಯ ಹೊಣೆಯನ್ನು ಮುಖ್ಯವಾಗಿ 2250 ಕಿಲೋ ಮೀರಿದ ವಿಮಾನಗಳಿಗೆ ಇಟ್ಟಿದ್ದವು, ಇಬ್ಬರು ಕೂರುವ ಮೈಕ್ರೋಲೈಟ್ ವಿಮಾನದ ತೂಕ ಅದಕ್ಕಿಂತ ಬಹಳ ಕಡಿಮೆ. ಆದರೂ ಮಹಾನಿರ್ದೇಶನಾಲಯಕ್ಕೂ ಬ್ಯೂರೋಗೂ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಯಂತ್ರದ ನೋಂದಣಿ, ಅನುಮತಿ, ತಪಾಸಣೆಯ ಕಡತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. "ದಾಖಲೆ ಇಲ್ಲ" ಎಂದು ಬರೆದುಕೊಟ್ಟರೂ ಅದು ನಿಮಗೆ ಉಪಯೋಗವೇ.

ಪರಿಹಾರಕ್ಕೆ ಯಾವ ಬಾಗಿಲು? ವಿಮೆ ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ಆಕ್ಷೇಪಣೆ; ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಮತ್ತೆ ಇಲ್ಲ ಎಂದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರಿಗೂ ದಲ್ಲಾಳಿಗೂ ಅಲ್ಲಿ ಪ್ರವೇಶವಿಲ್ಲ, ನೀವೇ ಮಾತಾಡಬೇಕು. ಒಂದು ವರ್ಷದೊಳಗೆ ಹೋಗಿ. ಅದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ, ಯೋಚಿಸಿ ಆರಿಸಿಕೊಳ್ಳಿ. ಹಾರಿಸಿದವನ ಮೇಲೆ ಗ್ರಾಹಕ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಕಾರವಾರಕ್ಕೆ ಅಲೆಯಬೇಕಿಲ್ಲ. ಅವಧಿ ಎರಡು ವರ್ಷ. ಸಾವಿಗೆ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಸಿವಿಲ್ ದಾವೆಗೂ ಸಾವಿನ ದಿನದಿಂದ ಎರಡೇ ವರ್ಷ. ತಪ್ಪು ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಕಳೆದು ಲೆಕ್ಕ ಹಾಕಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಅದನ್ನು ಸಾಬೀತು ಮಾಡುವಷ್ಟರಲ್ಲಿ ಮತ್ತೊಂದು ಕೇಸು ನಡೆಸಿದಂತಾಗುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ: 15100ಕ್ಕೆ ಕರೆ ಮಾಡಿ, ಇಲ್ಲವೇ ಮಾಗಡಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.

ಯಂತ್ರ ನಿಮ್ಮ ಹೊಲಕ್ಕೋ ಮನೆಗೋ ಬಿದ್ದಿದ್ದರೆ, ಅದನ್ನು ಎತ್ತುವ ಮೊದಲೇ ನಷ್ಟದ ಫೋಟೊ ತೆಗೆದು ಠಾಣೆಗೆ ದೂರು ಕೊಡಿ, ತಹಶೀಲ್ದಾರರಿಗೂ ಅರ್ಜಿ ಕೊಟ್ಟು ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಮಾಡಿಸಿ. ಮಾಲೀಕ ಅಲ್ಲೇ ಐದು ಸಾವಿರ ಕೊಟ್ಟು "ರಾಜಿಯಾಗಿದೆ" ಎಂಬ ಚೀಟಿ ಬರೆಸಿಕೊಳ್ಳಲು ನೋಡುತ್ತಾನೆ. ಎಷ್ಟು ಫಸಲು ಹೋಯಿತು, ಬೋರ್‌ವೆಲ್ ಪೈಪಿಗೆ, ಚಾವಣಿಗೆ ಏನಾಯಿತು ಎಂಬ ಲೆಕ್ಕ ಮುಗಿಯುವವರೆಗೆ ಆ ಚೀಟಿಗೆ ಸಹಿ ಹಾಕಬೇಡಿ.