ಬೀಜದೊಳಗಣ ಬುತ್ತಿಯೂ ಬೇರಿನ ನೆಂಟನೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿರುವುದು. ಬಿತ್ತಿದ ತರುವಾಯ ಮಳೆಯು ಹಿಂದೆಗೆದರೆ, ಒಂದೇ ಹೊಲದಲ್ಲಿ ಕೆಲವು ಸಸಿಗಳು ತಾಳುವುವು, ಕೆಲವು ಒಣಗುವುವು. ಒಕ್ಕಲಿಗನಿಗೆ ಮರುಬಿತ್ತನೆಯ ವೆಚ್ಚ ಬೀಳುವುದು. ಈ ಭೇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಎರಡು ಒಕ್ಕಲಿಗನ ಕೈಯೊಳಗಿನವು: ಬೀಜದಲ್ಲಿ ಕೂಡಿರುವ ಆಹಾರ, ಮತ್ತು ಬೇರಿನೊಡನೆ ಬಾಳುವ ಶಿಲೀಂಧ್ರ.

ಬೀಜದ ಬುತ್ತಿ.— ತಾಯಿಗಿಡವು ಸಸಿಗೆ ಕಟ್ಟಿಕೊಟ್ಟ ಬುತ್ತಿಯು ಭತ್ತ, ಜೋಳ, ಗೋವಿನಜೋಳಗಳಲ್ಲಿ ಹಿಟ್ಟಿನ ರೂಪದಿಂದಲೂ, ಹತ್ತಿ, ತೊಗರಿಗಳಲ್ಲಿ ಬೇಳೆಗಳೊಳಗೂ ಇರುವುದು. ರಂಜಕವೆಂಬ ಸತ್ವವೂ ಅದರಲ್ಲಿ ಅಡಗಿರುವುದು. ಹಸುರೆಲೆ ಬಿಟ್ಟು ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುವವರೆಗೆ ಸಸಿಗೆ ಇದೇ ಆಧಾರ. ತುಂಬಿದ ಕಾಳಿನ ಸಸಿಯು ಬೇಗನೆ ಬೇರೂರುವುದು. ಅರೆಗಾಳಿನದು ಬುತ್ತಿ ತೀರಿ ನಡುದಾರಿಯಲ್ಲಿ ನಿಲ್ಲುವುದು.

ಬೇರಿನ ನೆಂಟ.— ಅಷ್ಟರಲ್ಲಿ ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಬೇರಿನೊಳಹೊಕ್ಕು ನೆಲೆಸುವುದು. ಬೇರು-ಶಿಲೀಂಧ್ರಗಳ ಇಂಥ ಕೂಟಕ್ಕೆ 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ಪಂಡಿತನು ‘ಮೈಕೊರೈಜ’ ಎಂದು ಹೆಸರಿಟ್ಟನು. ಕೂದಲಿಗಿಂತ ಸಣ್ಣವಾದ ಅದರ ಎಳೆಗಳು ಬೇರು ಮುಟ್ಟಲಾರದ ಎಡೆಯಿಂದ ರಂಜಕವನ್ನು ತಂದುಕೊಡುವುವು. ಪ್ರತಿಯಾಗಿ ಗಿಡವು ತಾನು ಮಾಡಿದ ಸಕ್ಕರೆಯಲ್ಲಿ ನೂರಕ್ಕೆ 4ರಿಂದ 20ರಷ್ಟು ಪಾಲನ್ನು ಕೊಡುವುದು. ಹೀಗೆ ಕೊಡುವ ಶಕ್ತಿಯು ಎಲೆಯಿಂದ ಬರುವುದು. ಮೊದಲ ಎಲೆಯು ಬುತ್ತಿಯಿಂದ ಬರುವುದು. ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಬೀಜದಲ್ಲಿ ಬುತ್ತಿ ಅಲ್ಪ. ಅವುಗಳಿಗೆ ಈ ನೆಂಟನು ಬೇಗನೆ ಬೇಕು. ಸಾಸಿವೆ, ಕೋಸುಗಳ ಕುಲಕ್ಕೆ ಈ ನೆಂಟಸ್ತಿಕೆಯಿಲ್ಲ.

ಮಾಡತಕ್ಕದ್ದು.—

1. ನೀರಿನಲ್ಲಿ ಉಪ್ಪು ಕರಗಿಸುತ್ತ ಹೋಗಿ, ಹೊಸ ಕೋಳಿಮೊಟ್ಟೆಯು ತೇಲಿ ರೂಪಾಯಿಯಗಲ ಕಂಡಾಗ ನಿಲ್ಲಿಸಿ, ಅದರಲ್ಲಿ ಭತ್ತದ ಬೀಜವನ್ನು ಸುರಿಯತಕ್ಕದ್ದು. ತೇಲಿದುದನ್ನು ತೆಗೆದು, ಮುಳುಗಿದುದನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸತಕ್ಕದ್ದು.

2. ಜೋಳಕ್ಕೆ ತುಂಬಿದ ತೆನೆಗಳನ್ನು ಹೊಲದಲ್ಲಿಯೇ ಆಯ್ದಿಡತಕ್ಕದ್ದು. ಸಂಕರ ತಳಿಯ ಗೋವಿನಜೋಳವನ್ನು ಬೀಜಕ್ಕೆಂದು ಕೂಡಿಡಬಾರದು.

3. ರಂಜಕದ ಗೊಬ್ಬರವನ್ನು ಮಣ್ಣಿನ ಪರೀಕ್ಷೆಯ ಮೇರೆಗೆ ಹಾಕತಕ್ಕದ್ದು. ಮಿತಿಮೀರಿದರೆ ಗಿಡವು ನೆಂಟನನ್ನು ಹೊರಗಿಡುವುದು.

4. ಜೀವಂತ ಬೇರಿಲ್ಲದೆ ಈ ಶಿಲೀಂಧ್ರವು ಬೆಳೆಯದು. ಆದುದರಿಂದ ಹೊಲವನ್ನು ಬಹುಕಾಲ ಬರಿದಾಗಿ ಬಿಡಬಾರದು. ಕೂರಿಗೆಯಿಂದ ಬಿತ್ತಿದ ಭತ್ತದ ಒಣನೆಲವು ಅದಕ್ಕೆ ಹಿತ. ನೀರು ನಿಂತ ಗದ್ದೆಯು ಅಷ್ಟು ಹಿತವಲ್ಲ.

5. ಮೆಣಸಿನ ಸಸಿಮಡಿಯಲ್ಲಿ ಮೈಕೊರೈಜದ ಗೊಬ್ಬರವನ್ನು ಬೀಜದ ಕೆಳಗೆ, ಬೇರು ತಾಗುವಂತೆ ಹಾಕತಕ್ಕದ್ದು.

ಊರ ಗೌಡರು ಆರಿಸಿದ 100 ಕಾಳುಗಳನ್ನೂ ಆರಿಸದ 100 ಕಾಳುಗಳನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ಬಿತ್ತಿಸಿ, 20 ದಿನಗಳ ಮೇಲೆ ಸಸಿಗಳನ್ನು ಅಗೆಯಿಸಿ ಬೇರುಗಳನ್ನು ಎಲ್ಲರಿಗೂ ತೋರಿಸಬೇಕು. ಕಣ್ಣಾರೆ ಕಂಡ ಒಕ್ಕಲಿಗನಿಗೆ ಎರಡನೆಯ ಸಲ ಹೇಳಬೇಕಾಗದು.