ಸೂತ್ರವೂ ಟಿಪ್ಪಣಿಯೂ

1604ರಲ್ಲಿ ಭಟ್ಟಾಕಳಂಕದೇವನು ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು ರಚಿಸಿದಾಗ, ಸಂಸ್ಕೃತದಲ್ಲಿ ಸೂತ್ರಗಳನ್ನು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ, ಅವಕ್ಕೆ ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದನು. ಸೂತ್ರವು ಅಡಕವಾದುದು. ಅದರ ಅಭಿಪ್ರಾಯವನ್ನು ರಚಿಸಿದವನೇ ಪಕ್ಕದಲ್ಲಿ ನಿಂತು ಬಿಡಿಸಿ ಹೇಳುವುದು ಲೇಸು. ಗಣಕಯಂತ್ರದ ಕಾಲದಲ್ಲಿಯೂ ಈ ಮಾತು ಸಲ್ಲುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬಯಸುತ್ತೇವೆ.

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಕ್ರಮವಾಗಿ ತಿಳಿಸುವ ಬರಹವೇ ಪ್ರೋಗ್ರಾಂ. ಅನೇಕರಿಗೆ ಬೇಕಾಗುವ ಕೆಲಸಗಳನ್ನು ಒಮ್ಮೆ ಬರೆದು ಒಂದೆಡೆ ಕೂಡಿಟ್ಟರೆ ಅದು ಲೈಬ್ರರಿ. ಅದನ್ನು ಬಳಸುವವರಿಗೆ ಕೈಪಿಡಿಯೊಂದು ಬೇಕು. ಕೈಪಿಡಿಯನ್ನು ಬೇರೆಯಾಗಿ ಬರೆದಿಟ್ಟರೆ, ಪ್ರೋಗ್ರಾಂ ಬದಲಾದಾಗ ಅದು ಹಳತಾಗಿ ಉಳಿಯುವುದುಂಟು. ಆದುದರಿಂದ ವಿವರಣೆಯನ್ನು ಪ್ರೋಗ್ರಾಮಿನೊಳಗೇ ಟಿಪ್ಪಣಿಯಾಗಿ ಬರೆದು, ಅದರಿಂದ ಯಂತ್ರವೇ ಕೈಪಿಡಿಯನ್ನು ಸಿದ್ಧಪಡಿಸುವ ಕ್ರಮವು ರೂಢಿಗೆ ಬಂದಿತು. 1996ರಲ್ಲಿ ಜಾವಾ ಭಾಷೆಯ ಉಪಕರಣಗಳೊಡನೆ ಬಂದ ಜಾವಾಡಾಕ್, 1997ರ ಡಾಕ್ಸಿಜನ್, 2008ರ ಸ್ಫಿಂಕ್ಸ್ ಇವು ಇಂತಹ ಸಾಧನಗಳು. ಕನ್ನಡವೇ ಮೊದಲಾದ ಭಾರತೀಯ ಭಾಷೆಗಳ ಬರಹವನ್ನು ಸಂಸ್ಕರಿಸುವ ‘ಇಂಡಿಕ್ ಎನ್‌ಎಲ್‌ಪಿ ಲೈಬ್ರರಿ’ಯ ಕೈಪಿಡಿಯೂ ಸ್ಫಿಂಕ್ಸ್‌ನಿಂದಲೇ ಸಿದ್ಧವಾಗಿದೆ.

ಈ ಸಾಧನದ ಕೆಲಸವೇನು? ಅದು ಪ್ರೋಗ್ರಾಮನ್ನು ಮೊದಲಿನಿಂದ ಓದುತ್ತದೆ. ಪ್ರತಿಯೊಂದು ಲೆಕ್ಕದ ಹೆಸರು, ಅದಕ್ಕೆ ಕೊಡಬೇಕಾದ ಅಂಶಗಳು, ಜೊತೆಗೆ ಗೊತ್ತಾದ ಗುರುತಿನೊಳಗೆ ಬರೆದಿರುವ ಟಿಪ್ಪಣಿ, ಇವುಗಳನ್ನು ಆರಿಸಿ, ಪುಟಗಳಾಗಿ ಜೋಡಿಸಿ, ವಿಷಯಸೂಚಿಯನ್ನೂ ಕೊಡುತ್ತದೆ. ಪೈಥಾನ್ ಭಾಷೆಯಲ್ಲಿ ಮೂರು ಮೂರು ಉದ್ಧರಣ ಚಿಹ್ನೆಗಳ ನಡುವಣ ಬರಹವು ಇಂತಹ ಟಿಪ್ಪಣಿ. ಆದರೆ ಟಿಪ್ಪಣಿಯು ನಿಜವೋ ಸುಳ್ಳೋ ಎಂಬುದನ್ನು ಈ ಸಾಧನವು ವಿಚಾರಿಸುವುದಿಲ್ಲ.

ನಮ್ಮ ರಾಜೋಳಿಯು ಕೈಮಗ್ಗದ ಊರು. ಆದುದರಿಂದ ಮಗ್ಗದ ಉದಾಹರಣೆಯನ್ನೇ ಕಲ್ಪಿಸಿಕೊಳ್ಳೋಣ. ಸೀರೆಗಳ ಸಂಖ್ಯೆಯನ್ನು ಕೊಟ್ಟರೆ ನೇಯಬೇಕಾದ ಉದ್ದವನ್ನು ತಿಳಿಸುವ ಲೆಕ್ಕವೊಂದನ್ನು ವಿದ್ಯಾರ್ಥಿಯೊಬ್ಬನು ಬರೆದನು. ಸೀರೆಯೊಂದಕ್ಕೆ 6 ಗಜ. 20 ಸೀರೆಗೆ 120. ಟಿಪ್ಪಣಿಯಲ್ಲಿ ‘ಉತ್ತರವು ಗಜಗಳಲ್ಲಿ’ ಎಂದು ಬರೆದನು. ಮುಂದೆ ಲೆಕ್ಕವನ್ನು ಮೀಟರಿಗೆ ತಿರುಗಿಸಿ ಸೀರೆಗೆ 5.5 ಎಂದು ಮಾಡಿದನು; ಟಿಪ್ಪಣಿಯನ್ನು ಮಾತ್ರ ಮರೆತನು. ಈಗ 20 ಸೀರೆಗೆ 110 ಎಂಬ ಉತ್ತರ ಬರುತ್ತದೆ. ಅಂದವಾಗಿ ಅಚ್ಚಾದ ಕೈಪಿಡಿಯೋ ‘ಗಜ’ವೆಂದೇ ಹೇಳುತ್ತದೆ. ಅದನ್ನು ನಂಬಿ 110 ಗಜ ಸಿದ್ಧಪಡಿಸಿದವನಿಗೆ ಸಿಕ್ಕುವುದು 100.58 ಮೀಟರು. ಕೊರತೆಯು 9.42 ಮೀಟರು, ಎಂದರೆ ಒಂದೂವರೆ ಸೀರೆಗೂ ಮಿಗಿಲು. ಲೆಕ್ಕದಲ್ಲಿ ತಪ್ಪಿಲ್ಲ, ಯಂತ್ರದಲ್ಲಿ ತಪ್ಪಿಲ್ಲ. ತಿದ್ದದೆ ಬಿಟ್ಟ ಒಂದು ಪದವು ನೇಕಾರನ ಶ್ರಮವನ್ನು ಕೆಡಿಸಿತು.

ಇದಕ್ಕೆ ಭಾಗಶಃ ಪರಿಹಾರವುಂಟು. ಟಿಪ್ಪಣಿಯಲ್ಲಿ ‘20 ಸೀರೆಗೆ 120’ ಎಂಬ ಉದಾಹರಣೆಯನ್ನು ನಿಯಮದಂತೆ ಬರೆದಿದ್ದರೆ, ಪೈಥಾನಿನ ಡಾಕ್‌ಟೆಸ್ಟ್ ಎಂಬ ಸಾಧನವು ಅದನ್ನು ಮಾಡಿ ನೋಡಿ, ಉತ್ತರವು 110 ಬಂದಿತೆಂದು ಎಚ್ಚರಿಸುತ್ತದೆ. ಆದರೆ ‘ಗಜ’ವೆಂಬ ಪದವು ತಪ್ಪೆಂದು ಅದಕ್ಕೂ ತಿಳಿಯದು. ಅದನ್ನು ತಿದ್ದಬೇಕಾದವನು ಬರೆದವನೇ.

ಪ್ರಿಯ ವಿದ್ಯಾರ್ಥಿಗಳೇ, 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ವಿಶೇಷ ಏರ್ಪಾಡಿಲ್ಲದೆಯೇ ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು. ಇಂಗ್ಲಿಷ್ ಬಾರದೆಂದು ವಿವರಣೆಯನ್ನು ಬಿಡಬೇಡಿರಿ. ಪೋಷಕರೂ ಮಕ್ಕಳನ್ನು ‘ಏನು ಬರೆದೆ?’ ಎಂದಷ್ಟೇ ಕೇಳದೆ, ‘ಅದರ ಅರ್ಥವನ್ನು ಪಕ್ಕದಲ್ಲಿ ಬರೆದೆಯಾ?’ ಎಂದೂ ವಿಚಾರಿಸಲಿ. ಕೆಲಸವನ್ನು ತಿದ್ದಿದ ದಿನವೇ ಟಿಪ್ಪಣಿಯನ್ನೂ ತಿದ್ದಬೇಕು. ಅದನ್ನು ನಂಬಿ ಕೆಲಸ ಮಾಡುವವನನ್ನು ನಾವು ಎಂದೂ ಕಾಣದಿರಬಹುದು. ಆದರೂ ಅವನಿಗೆ ನಾವು ಸತ್ಯವನ್ನೇ ಹೇಳಬೇಕು.